ಕ್ರಿಸ್‌ಮಸ್ ಹಬ್ಬಕ್ಕೆ ಮನೆಯೊಳಗೆ ಹಸಿರು ತರುವ ರೂಢಿ: ಹಳೆಯ ದಾಖಲೆಗಳು ಏನು ಹೇಳುತ್ತವೆ?

ಧಾರವಾಡದ ಸಭಿಕ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಬಂತೆಂದರೆ ನಮ್ಮ ಸಭೆಯಲ್ಲಿ ಒಂದೇ ವಾದ ಮತ್ತೆ ಮತ್ತೆ ಏಳುತ್ತದೆ. ದೇವಾಲಯದ ಒಳಗೆ ಮರವನ್ನೋ ಕೊಂಬೆಯನ್ನೋ ತಂದು ಅಲಂಕರಿಸುವುದು ಅನ್ಯಜನರ ಆಚಾರವೆಂದೂ, ಕ್ರೈಸ್ತಮತ ಬರುವ ಮುಂಚಿನ ಯೂರೋಪಿನ ಡ್ರೂಯಿಡ್ ಪುರೋಹಿತರ ಮರಪೂಜೆಯೇ ಹೆಸರು ಬದಲಿಸಿಕೊಂಡು ನಮ್ಮೊಳಗೆ ಸೇರಿದೆಯೆಂದೂ ಕೆಲವು ಹಿರಿಯರು ಹೇಳುತ್ತಾರೆ. ಅದಕ್ಕೆ ಆಧಾರವಾಗಿ ಯೆರೆಮೀಯನ ಗ್ರಂಥದ 10ನೆಯ ಅಧ್ಯಾಯವನ್ನು ತೆಗೆದು ಓದುತ್ತಾರೆ. ಕಾಡಿನಿಂದ ಮರ ಕಡಿದು ತಂದು, ಬೆಳ್ಳಿ ಬಂಗಾರಗಳಿಂದ ಸಿಂಗರಿಸಿ, ಅಲುಗಾಡದಂತೆ ಮೊಳೆ ಹೊಡೆಯುತ್ತಾರೆ ಎಂಬ ಮಾತು ಅಲ್ಲಿದೆ.

ಕಳೆದ ವರ್ಷ ಈ ವಾದ ಎಷ್ಟು ಬೆಳೆಯಿತೆಂದರೆ, ಯುವಕರು ಎರಡು ದಿನ ಕೂತು ಕಟ್ಟಿದ್ದ ಸರ್ವೆ ಕೊಂಬೆಗಳನ್ನು ಹಬ್ಬದ ಹಿಂದಿನ ಸಂಜೆ ಬಿಚ್ಚಿಸಲಾಯಿತು. ಕೊಂಬೆ ಕಟ್ಟಿದ್ದ ಹುಡುಗರಲ್ಲಿ ಇಬ್ಬರು ಆ ರಾತ್ರಿಯ ಆರಾಧನೆಗೆ ಬರಲೇ ಇಲ್ಲ. ಈ ಸಲ ಹಿರಿಯರ ಮುಂದೆ ಮಾತನಾಡುವ ಹೊಣೆ ನನ್ನ ಮೇಲೆ ಬಿದ್ದಿದೆ. ನನಗೆ ಯಾರನ್ನೂ ಸೋಲಿಸಬೇಕಾಗಿಲ್ಲ, ನಿಜ ತಿಳಿದರೆ ಸಾಕು. ಆದ್ದರಿಂದ ಬಲ್ಲವರು ದಯವಿಟ್ಟು ಅಭಿಪ್ರಾಯಕ್ಕಿಂತ ಮೊದಲು ದಾಖಲೆಗಳಲ್ಲಿ ಇರುವುದನ್ನು ತಿಳಿಸಬೇಕೆಂದು ಕೋರುತ್ತೇನೆ.

ಹಳೆಯ ಕಡತ

ಸಭಿಕರೇ, ಮೊದಲಿಗೆ ಒಂದು ಗಂಟನ್ನು ಬಿಡಿಸಿಕೊಳ್ಳೋಣ. ಬಾಗಿಲಿಗೆ, ಗೋಡೆಗೆ ಹಸಿರೆಲೆ ಕಟ್ಟುವುದು ಒಂದು ರೂಢಿ. ಇಡೀ ಮರವನ್ನು ಮನೆಯೊಳಗೆ ನಿಲ್ಲಿಸುವುದು ಇನ್ನೊಂದು. ಇವೆರಡರ ದಾಖಲೆಗಳ ನಡುವೆ ಸಾವಿರ ವರ್ಷಕ್ಕೂ ಮಿಗಿಲಾದ ಅಂತರವಿದೆ. ಇವನ್ನು ಒಂದಾಗಿ ಹೇಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಎಲೆ ಕಟ್ಟುವ ರೂಢಿ ರೋಮನ್ನರಲ್ಲಿ ಇತ್ತು, ಅದರಲ್ಲಿ ಅನುಮಾನವಿಲ್ಲ. ಡಿಸೆಂಬರ್ 17ರಂದು ಆರಂಭವಾಗುತ್ತಿದ್ದ ಸ್ಯಾಟರ್ನೇಲಿಯ ಹಬ್ಬ ಮುಗಿದ ಮೇಲೆ ಜನವರಿ ಮೊದಲ ದಿನದ ಹೊಸವರ್ಷ ಬರುತ್ತಿತ್ತು. ಆಗ ಜನ ಲಾರೆಲ್ ಎಂಬ ನಿತ್ಯಹಸಿರು ಗಿಡದ ಎಲೆಗಳಿಂದ ಬಾಗಿಲುಗಳನ್ನು ಸಿಂಗರಿಸಿ ದೀಪ ಹಚ್ಚುತ್ತಿದ್ದರು. ಆದರೆ ಲಾರೆಲ್ ಚಳಿಗಾಲಕ್ಕಷ್ಟೇ ಮೀಸಲಾದ ಎಲೆಯಾಗಿರಲಿಲ್ಲ. ಯುದ್ಧದಲ್ಲಿ ಗೆಲುವು ಬಂದರೂ, ಚಕ್ರವರ್ತಿಯ ಗೌರವಕ್ಕೆ ಹಬ್ಬ ನಡೆದರೂ ಬಾಗಿಲಿಗೆ ಅದೇ ಎಲೆ ಬರುತ್ತಿತ್ತು. ಕಾರ್ತೇಜಿನ ತೆರ್ತುಲ್ಲಿಯನ್ ಎಂಬ ಕ್ರೈಸ್ತ ಲೇಖಕರು ಸುಮಾರು ಕ್ರಿ.ಶ. 200ರ ಹೊತ್ತಿನಲ್ಲಿ ಇದರ ಬಗ್ಗೆ ಬಹಳ ನೊಂದು ಬರೆದಿದ್ದಾರೆ. ಅನ್ಯಜನರ ಬಾಗಿಲುಗಳಿಗಿಂತ ಕ್ರೈಸ್ತರ ಬಾಗಿಲುಗಳಲ್ಲೇ ಹೆಚ್ಚು ದೀಪ, ಹೆಚ್ಚು ಲಾರೆಲ್ ಕಾಣುತ್ತಿವೆಯೆಂದು ಅವರು ಗದರುತ್ತಾರೆ. ನೀನೇ ಲೋಕದ ಬೆಳಕು, ನೀನೇ ಎಂದೆಂದೂ ಹಸಿರಾಗಿರುವ ಮರ ಆಗಿರುವಾಗ ನಿನಗೆ ಇವೆಲ್ಲ ಏಕೆ ಎಂಬ ಅರ್ಥದಲ್ಲಿ ಬುದ್ಧಿ ಹೇಳುತ್ತಾರೆ. ಈ ಮಾತನ್ನು ನಿಮ್ಮ ಹಿರಿಯರು ಎತ್ತಿ ತೋರಿಸಬಹುದು. ಆದರೆ ತೆರ್ತುಲ್ಲಿಯನ್ ಅಲ್ಲಿ ಖಂಡಿಸುತ್ತಿರುವುದು ಚಕ್ರವರ್ತಿಯ ಗೌರವದ ಹಬ್ಬಗಳನ್ನು. ಡಿಸೆಂಬರ್ 25ರಂದು ಕ್ರಿಸ್ತಜಯಂತಿ ಎಂಬ ಆಚರಣೆ ದಾಖಲೆಗೆ ಬರುವುದೇ ನಾಲ್ಕನೆಯ ಶತಮಾನದ ರೋಮ್ ನಗರದಲ್ಲಿ, ಕ್ರಿ.ಶ. 354ರಲ್ಲಿ ಸಂಕಲಿಸಿದ ಪಂಚಾಂಗವೊಂದರಲ್ಲಿ. ಇನ್ನೂ ಹುಟ್ಟದ ಹಬ್ಬದ ಅಲಂಕಾರವನ್ನು ತೆರ್ತುಲ್ಲಿಯನ್ ಖಂಡಿಸಿರಲು ಸಾಧ್ಯವಿಲ್ಲ.

ಆರನೆಯ ಶತಮಾನದಲ್ಲಿ, ಇಂದಿನ ಪೋರ್ಚುಗಲ್‌ನ ಬ್ರಾಗಾದಲ್ಲಿ ಬಿಷಪರಾಗಿದ್ದ ಮಾರ್ಟಿನ್ ಅವರು ಸಂಗ್ರಹಿಸಿದ ನಿಯಮಗಳಲ್ಲಿ ಒಂದು ನೇರವಾಗಿಯೇ ಇದೆ: ಹೊಸವರ್ಷದ ಹೊತ್ತಿನಲ್ಲಿ ಲಾರೆಲ್‌ನಿಂದಲೋ ಮರಗಳ ಹಸಿರಿನಿಂದಲೋ ಮನೆಗಳನ್ನು ಸುತ್ತುವರಿಸಬಾರದು. ಇದಾಗಿ ಹೆಚ್ಚು ವರ್ಷ ಕಳೆಯುವ ಮೊದಲೇ, ಕ್ರಿ.ಶ. 601ರಲ್ಲಿ, ಪೋಪ್ ಒಂದನೆಯ ಗ್ರೆಗರಿಯವರು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್ ಅವರಿಗೆ ಬರೆದ ಪತ್ರದಲ್ಲಿ ಬೇರೆಯದೇ ದಾರಿ ಕಾಣುತ್ತದೆ. ಹಳೆಯ ಗುಡಿಗಳನ್ನು ಕೆಡವಬೇಡಿ, ಒಳಗಿನ ವಿಗ್ರಹಗಳನ್ನು ಮಾತ್ರ ತೆಗೆದುಹಾಕಿ. ಹಬ್ಬದ ದಿನ ಜನ ಆ ಕಟ್ಟಡಗಳ ಸುತ್ತ ಮರದ ಕೊಂಬೆಗಳಿಂದ ಚಪ್ಪರ ಹಾಕಿಕೊಂಡು ದೇವರನ್ನು ಸ್ತುತಿಸುತ್ತ ಊಟ ಮಾಡಲಿ ಎಂದು ಅವರು ಬರೆದರು. ಒಂದೇ ಸಭೆಯೊಳಗೆ, ಒಂದು ತಲೆಮಾರಿನ ಅಂತರದಲ್ಲಿ, ಹಸಿರು ಕೊಂಬೆಯ ಬಗ್ಗೆ ಈ ಎರಡೂ ಮಾತುಗಳು ಬಂದಿವೆ. ನಿಮ್ಮ ಸಭೆಯಲ್ಲಿ ನಡೆಯುತ್ತಿರುವುದು ಹೊಸ ಜಗಳವೇನಲ್ಲ.

ಕೋಲಾರದ ವಿಶ್ವಾಸಿ

ಹಳೆಯ ಕಡತ ಅವರ ವಿವರಕ್ಕೆ ಧನ್ಯವಾದಗಳು. ಆದರೂ ನನ್ನ ಮನಸ್ಸು ಒಪ್ಪುತ್ತಿಲ್ಲ. ಬಿಷಪರು ನಿಷೇಧಿಸಿದ್ದಾರೆಂದರೆ ಅದು ಅನ್ಯಜನರ ಪದ್ಧತಿ ಎಂಬುದು ತಾನಾಗಿಯೇ ರುಜುವಾಯಿತಲ್ಲವೇ? ಜನ ಕೇಳಲಿಲ್ಲ ಎಂಬ ಮಾತ್ರಕ್ಕೆ ಅದು ಸರಿಯಾಗಿಬಿಡುತ್ತದೆಯೇ? ಮಿಸಲ್‌ಟೋ ಎಂಬ ಬಂದಳಿಕೆಯನ್ನು ಡ್ರೂಯಿಡರು ಪೂಜಿಸುತ್ತಿದ್ದುದನ್ನು ರೋಮನ್ನರೇ ಬರೆದಿದ್ದಾರೆ. ಅದೇ ಬಂದಳಿಕೆಯನ್ನು ಕ್ರಿಸ್‌ಮಸ್ ದಿನ ಮನೆಯಲ್ಲಿ ತೂಗುಹಾಕುವುದನ್ನು ನಾನು ಚಿತ್ರಗಳಲ್ಲಿ ನೋಡಿದ್ದೇನೆ. ಇವೆರಡಕ್ಕೂ ಸಂಬಂಧವಿಲ್ಲ ಎನ್ನುವುದು ಹೇಗೆ?

ಇಂಗ್ಲೆಂಡಿನ ಕನ್ನಡಿಗ

ವಿಶ್ವಾಸಿಯವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಾನು ವೂಸ್ಟರ್‌ಶೈರ್ ಸೀಮೆಯಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಇಲ್ಲಿನ ಟೆನ್‌ಬರಿ ವೆಲ್ಸ್ ಎಂಬ ಸಣ್ಣ ಪೇಟೆಯಲ್ಲಿ ಹಬ್ಬಕ್ಕೆ ಮುಂಚೆ ಮಿಸಲ್‌ಟೋ ಮತ್ತು ಹಾಲಿ ಎಂಬ ಮುಳ್ಳೆಲೆಯ ಗಿಡದ ಕೊಂಬೆಗಳ ಹರಾಜು ನಡೆಯುತ್ತದೆ. ಸುತ್ತಲಿನ ಹಳೆಯ ಸೇಬಿನ ತೋಟಗಳೇ ಇದಕ್ಕೆ ಕಾರಣ. ಎಲೆಯುದುರಿದ ಸೇಬಿನ ಮರದಲ್ಲಿ ಈ ಬಂದಳಿಕೆ ಒಂದೊಂದು ಹಸಿರು ಚೆಂಡಿನಂತೆ ತೂಗುತ್ತಿರುತ್ತದೆ. ನಮ್ಮ ಮಾವಿನ ಮರದ ಬಂದಳಿಕೆಯ ಹಾಗೆಯೇ ಇದೂ ಆಶ್ರಯ ಕೊಟ್ಟ ಕೊಂಬೆಯೊಳಗೆ ಬೇರಿಳಿಸಿ ನೀರು, ಲವಣ ಹೀರಿಕೊಳ್ಳುತ್ತದೆ. ಬಿಳಿಯ ಹಣ್ಣನ್ನು ಬೆರಳಲ್ಲಿ ಹಿಚುಕಿದರೆ ಬೀಜದ ಸುತ್ತ ಅಂಟು ನೂಲಿನಂತೆ ಎಳೆಯಾಗಿ ಬರುತ್ತದೆ. ಹಕ್ಕಿ ತನ್ನ ಕೊಕ್ಕನ್ನು ಕೊಂಬೆಗೆ ಉಜ್ಜಿದಾಗ ಬೀಜ ಅಲ್ಲಿಯೇ ಅಂಟಿಕೊಂಡು ಮೊಳೆಯುತ್ತದೆ.

ಈಗ ಡ್ರೂಯಿಡರ ವಿಷಯ. ಆ ಪ್ರಸಿದ್ಧ ವರ್ಣನೆ ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮನ್ ಲೇಖಕ ಹಿರಿಯ ಪ್ಲಿನಿಯವರದು. ಗಾಲ್ ಸೀಮೆಯ (ಇಂದಿನ ಫ್ರಾನ್ಸಿನ ಕಡೆಯ) ಪುರೋಹಿತರು ಓಕ್ ಮರದ ಮೇಲೆ ಅಪರೂಪಕ್ಕೆ ಬೆಳೆಯುವ ಬಂದಳಿಕೆಯನ್ನು ಶುಕ್ಲಪಕ್ಷದ ಆರನೆಯ ದಿನ, ಬಿಳಿಯ ಬಟ್ಟೆಯುಟ್ಟು, ಚಿನ್ನದ ಕುಡುಗೋಲಿನಿಂದ ಕೊಯ್ಯುತ್ತಿದ್ದರು. ಎರಡು ಬಿಳಿಯ ಹೋರಿಗಳನ್ನು ಬಲಿ ಕೊಡುತ್ತಿದ್ದರು. ಅದರ ಕಷಾಯ ಕುಡಿಸಿದರೆ ಗೊಡ್ಡು ದನ ಗಬ್ಬವಾಗುತ್ತದೆ, ವಿಷ ಇಳಿಯುತ್ತದೆ ಎಂದು ನಂಬುತ್ತಿದ್ದರು. ಪ್ಲಿನಿ ಹೇಳುವುದು ಇಷ್ಟೇ. ಚಳಿಗಾಲದ ಮಾತಿಲ್ಲ, ಮನೆಯಲ್ಲಿ ತೂಗುಹಾಕುವ ಮಾತಿಲ್ಲ. ಇತ್ತ ಇಂಗ್ಲೆಂಡಿನಲ್ಲಿ ಮಿಸಲ್‌ಟೋ ಕ್ರಿಸ್‌ಮಸ್ ಅಲಂಕಾರವಾಗಿ ಬರವಣಿಗೆಯಲ್ಲಿ ಕಾಣಿಸುವುದು 17ನೆಯ ಶತಮಾನದಲ್ಲಿ. ನಡುವಿನ ಒಂದೂವರೆ ಸಾವಿರ ವರ್ಷಗಳನ್ನು ಬರಿಯ ಊಹೆಯಿಂದ ತುಂಬುವುದು ಸರಿಯಲ್ಲವೆಂದು ನನ್ನ ಎಣಿಕೆ.

ಅದಕ್ಕಿಂತ ಬಹಳ ಮೊದಲೇ, ಮಿಸಲ್‌ಟೋ ಹೆಸರಿಲ್ಲದೆ, ಹಾಲಿ ಮತ್ತು ಐವಿ ಬಳ್ಳಿಗಳು ಇಂಗ್ಲಿಷ್ ದಾಖಲೆಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಸಿಗುವುದು ಎಲ್ಲಿ ಎಂಬುದನ್ನು ಗಮನಿಸಬೇಕು: ಚರ್ಚುಗಳ ಜಮಾಖರ್ಚಿನ ಪುಸ್ತಕಗಳಲ್ಲಿ. ಮೇಣಕ್ಕೆ ಇಷ್ಟು, ಬತ್ತಿಗೆ ಇಷ್ಟು ಎಂದು ಬರೆಯುವ ಸಾಲಿನಲ್ಲಿಯೇ, ಕ್ರಿಸ್‌ಮಸ್ ಹಬ್ಬಕ್ಕೆ ಹಾಲಿ ಮತ್ತು ಐವಿಗೆ ಇಷ್ಟು ಎಂದು 15 ಮತ್ತು 16ನೆಯ ಶತಮಾನದ ಲಂಡನ್ನಿನ ಚರ್ಚುಗಳ ಲೆಕ್ಕಿಗರು ಬರೆದಿಟ್ಟಿದ್ದಾರೆ. ಕದ್ದುಮುಚ್ಚಿ ಮಾಡುವ ಪೂಜೆಗೆ ಯಾರೂ ದೇವಾಲಯದ ಹುಂಡಿಯಿಂದ ಹಣ ಕೊಟ್ಟು ಲೆಕ್ಕ ಬರೆಯುವುದಿಲ್ಲ.

1598ರಲ್ಲಿ ಲಂಡನ್ ನಗರದ ವರ್ಣನೆಯನ್ನು ಪ್ರಕಟಿಸಿದ ಜಾನ್ ಸ್ಟೋ ಅವರು, ಕ್ರಿಸ್‌ಮಸ್ ಬಂದಾಗ ಪ್ರತಿಯೊಬ್ಬರ ಮನೆಯನ್ನೂ ಚರ್ಚನ್ನೂ ಹಾಲಿ, ಐವಿ, ಬೇ ಎಲೆಗಳಿಂದ, ಆ ಋತುವಿನಲ್ಲಿ ಹಸಿರಾಗಿ ಸಿಗುವ ಎಲ್ಲದರಿಂದಲೂ ಸಿಂಗರಿಸುತ್ತಿದ್ದರೆಂದು ಬರೆಯುತ್ತಾರೆ. ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಈ ಕೊನೆಯ ಮಾತಿನಲ್ಲಿದೆ. ಇಂಥದೇ ಗಿಡ ಬೇಕೆಂಬ ಕಟ್ಟಳೆ ಇರಲಿಲ್ಲ. ಹಸಿರಾಗಿ ಏನು ಉಳಿದಿದೆಯೋ ಅದನ್ನು ತಂದರು. ಸ್ಟೋ ಇನ್ನೊಂದು ಘಟನೆಯನ್ನೂ ಹೇಳುತ್ತಾರೆ. 1444ರ ಫೆಬ್ರವರಿ 1ರ ರಾತ್ರಿ ಭಾರಿ ಬಿರುಗಾಳಿ ಎದ್ದು, ಕಾರ್ನ್‌ಹಿಲ್ ಬೀದಿಯ ಲೆಡನ್‌ಹಾಲ್ ಬಳಿ ಜನರ ಸಂತೋಷಕ್ಕೆಂದು ನೆಲದಲ್ಲಿ ಹೂಳಿ, ಮೈತುಂಬ ಹಾಲಿ ಮತ್ತು ಐವಿ ಹೊಡೆದಿದ್ದ ಮರದ ಕಂಬವೊಂದನ್ನು ಕಿತ್ತೆಸೆಯಿತು. ಬೀದಿಗೆ ಹಾಸಿದ್ದ ಕಲ್ಲುಗಳು ಮನೆಗಳೊಳಕ್ಕೆ ಹಾರಿ ಬಿದ್ದವು. ಫೆಬ್ರವರಿ 2ರ ಮೇಣಬತ್ತಿಯ ಹಬ್ಬದವರೆಗೂ ಆ ಹಸಿರನ್ನು ಇಳಿಸಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಒಂದು ದುಃಖದ ಸಂಗತಿಯನ್ನೂ ಹೇಳಬೇಕು, ಏಕೆಂದರೆ ಧಾರವಾಡದ ಸಭಿಕರ ಮಾತು ಓದಿದಾಗ ನನಗೆ ಅದೇ ನೆನಪಾಯಿತು. 1647ರ ಜೂನ್ ತಿಂಗಳಲ್ಲಿ, ಹಬ್ಬದ ಆಡಂಬರಗಳನ್ನು ವಿರೋಧಿಸುತ್ತಿದ್ದ ಪ್ರೊಟೆಸ್ಟಂಟ್ ಪಂಗಡವಾದ ಪ್ಯೂರಿಟನ್ನರ ಬಲವಿದ್ದ ಪಾರ್ಲಿಮೆಂಟು ಕ್ರಿಸ್‌ಮಸ್ ಹಬ್ಬವನ್ನೇ ರದ್ದುಮಾಡಿತು. ಆ ಡಿಸೆಂಬರ್‌ನಲ್ಲಿ ಕ್ಯಾಂಟರ್‌ಬರಿಯ ಮೇಯರ್ ಹಬ್ಬದ ದಿನವೂ ಅಂಗಡಿ ತೆರೆಯಬೇಕೆಂದು ಆಜ್ಞೆ ಮಾಡಿದಾಗ ಜನ ದಂಗೆ ಎದ್ದರು, ಬಾಗಿಲುಗಳ ಮುಂದೆ ಹಾಲಿ ಕೊಂಬೆಗಳನ್ನು ನೆಟ್ಟರು. ಲಂಡನ್ನಿನಲ್ಲಿಯೂ ಕಾರ್ನ್‌ಹಿಲ್‌ನ ನೀರಿನ ಕಟ್ಟೆಗೆ ರೋಸ್ಮೆರಿ, ಬೇ ಎಲೆಗಳನ್ನು ಕಟ್ಟಲಾಗಿತ್ತು. ಅದನ್ನು ಕಿತ್ತುಹಾಕಿಸಲು ಸ್ವತಃ ಲಾರ್ಡ್ ಮೇಯರ್ ಬರಬೇಕಾಯಿತು. ಹಸಿರನ್ನು ತೆಗೆದವರೂ ದೈವಭಕ್ತರೇ, ಕಟ್ಟಿದವರೂ ದೈವಭಕ್ತರೇ. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಹಬ್ಬವೂ ಮರಳಿತು.

ಎಲೆ-ಬೇರು

ನಾನು ಸಸ್ಯಶಾಸ್ತ್ರದ ಅಧ್ಯಾಪಕ. ಈ ಚರ್ಚೆಗೆ ನನ್ನದು ಒಂದೇ ಮಾತು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ವರ್ಷವಿಡೀ ಹಸಿರು ಇರುವುದರಿಂದ, ಉತ್ತರ ಯೂರೋಪಿನ ಡಿಸೆಂಬರ್ ಎಂದರೆ ಏನೆಂದು ನಮಗೆ ಥಟ್ಟನೆ ಹೊಳೆಯುವುದಿಲ್ಲ. ಅಲ್ಲಿ ಓಕ್, ಬೀಚ್, ಸೇಬು ಎಲ್ಲವೂ ಬರಿ ಕಡ್ಡಿಗಳಾಗಿ ನಿಲ್ಲುತ್ತವೆ. ನೆಲದಲ್ಲಿ ನೀರಿದ್ದರೂ ಹೆಪ್ಪುಗಟ್ಟಿರುವಾಗ ಬೇರು ಅದನ್ನು ಎಳೆಯಲಾರದು, ಅಗಲವಾದ ಎಲೆಯಿದ್ದರೆ ಇರುವ ತೇವವೂ ಆವಿಯಾಗಿ ಮರ ಒಣಗುತ್ತದೆ. ಫರ್, ಸ್ಪ್ರೂಸ್ ಮರಗಳು ಎಲೆಯನ್ನು ಸೂಜಿಯಷ್ಟು ಸಣ್ಣದಾಗಿಸಿ ಮೇಣದ ಹೊದಿಕೆ ಹೊದಿಸಿಕೊಂಡಿವೆ. ಹಾಲಿಯ ಎಲೆ ಅಗಲವಾದರೂ ತೊಗಲಿನಂತೆ ದಪ್ಪ. ಹಾಲಿಯಲ್ಲಿ ಗಂಡುಗಿಡ, ಹೆಣ್ಣುಗಿಡಗಳು ಬೇರೆ ಬೇರೆ. ಕೆಂಪು ಹಣ್ಣು ಬಿಡುವುದು ಹೆಣ್ಣುಗಿಡ ಮಾತ್ರ. ಜಿಂಕೆ ದನಗಳ ಬಾಯಿಗೆ ಎಟಕುವ ಕೆಳಗಿನ ಕೊಂಬೆಗಳಲ್ಲಿ ಎಲೆಯಂಚಿನ ಮುಳ್ಳು ಹೆಚ್ಚು. ಮರದ ತುದಿಗೆ ಹೋದಂತೆ ಅಂಚು ನುಣುಪಾಗುತ್ತದೆ. ಹೀಗಾಗಿ, ಕಟ್ಟಲು ಎಲೆ ಬೇಕೆಂದು ಡಿಸೆಂಬರಿನಲ್ಲಿ ಹೊರಟ ಇಂಗ್ಲಿಷ್ ರೈತನ ಕೈಗೆ ಸಿಗುತ್ತಿದ್ದುದೇ ಹಾಲಿ, ಐವಿಯಂಥ ಕೆಲವೇ ಗಿಡಗಳು.

ಧಾರವಾಡದ ಸಭಿಕ

ತಮ್ಮೆಲ್ಲರ ತಾಳ್ಮೆಗೆ ಋಣಿ. ಎಲೆಗಳ ವಿಷಯ ಸ್ಪಷ್ಟವಾಯಿತು. ನಮ್ಮಲ್ಲಿ ಜಗಳವಿರುವುದು ನಿಲ್ಲಿಸುವ ಮರದ ಬಗ್ಗೆ. ಜರ್ಮನಿಯ ಮತಸುಧಾರಕ ಮಾರ್ಟಿನ್ ಲೂಥರ್ ಅವರೇ ಮೊದಲ ಮರಕ್ಕೆ ದೀಪ ಹಚ್ಚಿದರೆಂದು ಬಾಲ್ಯದಲ್ಲಿ ಭಾನುವಾರದ ಶಾಲೆಯಲ್ಲಿ ಕೇಳಿದ್ದೆ. ಅದನ್ನು ಹಿರಿಯರ ಮುಂದೆ ಹೇಳಬಹುದೇ?

ಸ್ಟುಟ್‌ಗಾರ್ಟ್ ನಿವಾಸಿ

ಹೇಳದಿರುವುದೇ ಒಳ್ಳೆಯದು. ಲೂಥರ್ ಅವರ ಅಪಾರ ಬರವಣಿಗೆಯಲ್ಲಾಗಲಿ ಅವರ ಸಮಕಾಲೀನರ ಬರಹಗಳಲ್ಲಾಗಲಿ ಆ ಕಥೆಗೆ ಆಧಾರವಿಲ್ಲ. 19ನೆಯ ಶತಮಾನದಲ್ಲಿ, ಅವರ ಕುಟುಂಬ ದೀಪದ ಮರದ ಸುತ್ತ ಕುಳಿತಿರುವ ಚಿತ್ರವೊಂದು ಅಚ್ಚಾಗಿ ಮನೆಮನೆಗೆ ಹೋದ ಮೇಲೆ ಆ ಕಥೆ ಬೇರೂರಿತು. ಜರ್ಮನ್ ಸೀಮೆಯಲ್ಲಿ ಸುವಾರ್ತೆ ಸಾರಿದ ಸಂತ ಬೋನಿಫೇಸ್ ಅನ್ಯಜನರು ಪೂಜಿಸುತ್ತಿದ್ದ ಓಕ್ ಮರ ಕಡಿದ ಜಾಗದಲ್ಲಿ ಫರ್ ಸಸಿ ಚಿಗುರಿತು ಎಂಬುದೂ ಹೀಗೆಯೇ ತಡವಾಗಿ ಸೇರಿದ ಕಥೆ. ಆದರೆ ನಿಜವಾದ ದಾಖಲೆ ಈ ಕಥೆಗಳಿಗಿಂತ ಹೃದ್ಯವಾಗಿದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನಿರುವ ಊರಿನಿಂದ ಪಶ್ಚಿಮಕ್ಕೆ ಹೋಗಿ ರೈನ್ ನದಿ ದಾಟಿದರೆ ಅಲ್ಸಾಸ್ ಸೀಮೆ. ಇಂದು ಫ್ರಾನ್ಸಿನಲ್ಲಿದೆ, ಆಗ ಜರ್ಮನ್ ಮಾತಿನ ಊರುಗಳು. ಸ್ಟ್ರಾಸ್‌ಬರ್ಗ್‌ನವರಾದ ಸೆಬಾಸ್ಟಿಯನ್ ಬ್ರಾಂಟ್ 1494ರಲ್ಲಿ ಪ್ರಕಟಿಸಿದ ವಿಡಂಬನ ಕಾವ್ಯದಲ್ಲಿ, ಹೊಸವರ್ಷಕ್ಕೆ ಮನೆಯಲ್ಲಿ ಹಸಿರು ಫರ್ ಕೊಂಬೆ ಸಿಕ್ಕಿಸದಿದ್ದರೆ ಆ ವರ್ಷ ಬದುಕಿ ಉಳಿಯಲಾರೆ ಎಂದು ನಂಬುವವರ ಮಾತು ಬರುತ್ತದೆ. ಅಲ್ಲಿಗೆ ಮರವಿನ್ನೂ ಬಂದಿಲ್ಲ, ಕೊಂಬೆ ಇದೆ. 1521ರಲ್ಲಿ ಸೆಲೆಸ್ಟಾ ಪಟ್ಟಣದ ಲೆಕ್ಕದ ಪುಸ್ತಕದಲ್ಲಿ, ಡಿಸೆಂಬರ್ 21ರ ಸಂತ ತೋಮನ ದಿನದಿಂದ ಮರಗಳನ್ನು ಕಾಯಲು ಅರಣ್ಯ ಕಾವಲುಗಾರರಿಗೆ 4 ಶಿಲ್ಲಿಂಗ್ ಕೊಟ್ಟದ್ದು ದಾಖಲಾಗಿದೆ. ಅಂದರೆ ಹಬ್ಬಕ್ಕೆ ಮುಂಚೆ ಜನ ಕಾಡಿಗೆ ನುಗ್ಗಿ ಮರ ಕಡಿಯುತ್ತಿದ್ದರು. 1561ರಲ್ಲಿ ಅದೇ ಸೀಮೆಯ ಅಮ್ಮರ್‌ಶ್ವೀರ್ ಊರಿನಲ್ಲಿ, ಒಬ್ಬ ಮನೆಯಾತ ಕ್ರಿಸ್‌ಮಸ್‌ಗೆ ಒಂದಕ್ಕಿಂತ ಹೆಚ್ಚು ಮರ ಕಡಿಯಬಾರದು, ಅದೂ 8 ಅಡಿ ಉದ್ದವನ್ನು ಮೀರಬಾರದು ಎಂದು ಕಟ್ಟು ಮಾಡಿದರು. ಈ ದಾಖಲೆಗಳು ಮರವನ್ನು ಕರೆಯುವ ಹೆಸರು 'ಮಾಯೆನ್'. ಮೇ ತಿಂಗಳ ವಸಂತದ ಹಬ್ಬಕ್ಕೆ ತರುವ ಹಸಿರು ಕೊಂಬೆಗೂ ಅದೇ ಹೆಸರು. ಆ ಜನರಿಗೆ ಅದು ಹಬ್ಬದ ಹಸಿರು, ಅಷ್ಟೇ.

1605ರಲ್ಲಿ ಸ್ಟ್ರಾಸ್‌ಬರ್ಗ್ ನೋಡಿದ ಪ್ರಯಾಣಿಕನೊಬ್ಬನ ಬರಹದಲ್ಲಿ ನಾವು ಗುರುತಿಸಬಲ್ಲ ಮರ ಮೊದಲ ಸಲ ಕಣ್ಣಿಗೆ ಕಟ್ಟುತ್ತದೆ: ಜನ ಕೋಣೆಯಲ್ಲಿ ಫರ್ ಮರ ನಿಲ್ಲಿಸಿ, ಬಣ್ಣದ ಕಾಗದದ ಗುಲಾಬಿ, ಸೇಬು, ತೆಳುವಾದ ಬಿಲ್ಲೆ ರೊಟ್ಟಿ, ಚಿನ್ನದ ತಗಡು, ಸಕ್ಕರೆ ಮಿಠಾಯಿಗಳನ್ನು ತೂಗುಹಾಕುತ್ತಾರೆ. ಸೇಬು ಏಕೆ ಎನ್ನುವುದಕ್ಕೆ ಒಂದು ಒಳ್ಳೆಯ ವಿವರಣೆಯಿದೆ. ಡಿಸೆಂಬರ್ 24 ಅಲ್ಲಿನ ಪಂಚಾಂಗದಲ್ಲಿ ಆದಾಮ ಹವ್ವರ ದಿನ. ಏದೆನ್ ತೋಟದ ನಾಟಕವಾಡುವಾಗ ರಂಗದ ಮೇಲೆ ಒಂದು ಮರ ಬೇಕು. ಚಳಿಗಾಲದಲ್ಲಿ ಎಲೆಯಿರುವ ಮರವೆಂದರೆ ಫರ್. ಅದಕ್ಕೆ ಸೇಬು ಕಟ್ಟಿದರೆ ಏದೆನ್ ಸಿದ್ಧ. ಇದೊಂದೇ ಮೂಲವೆಂದು ನಾನು ಹಟ ಹಿಡಿಯುವುದಿಲ್ಲ, ಆದರೆ ಸೇಬಿಗೆ ಇದಕ್ಕಿಂತ ಹೊಂದುವ ಕಾರಣ ನನಗೆ ಕಾಣದು. 1640ರ ದಶಕದಲ್ಲಿ ಅದೇ ಊರಿನ ದೈವಶಾಸ್ತ್ರಜ್ಞ ಡಾನ್‌ಹೌವರ್ ಅವರು ಗೊಂಬೆ, ಸಕ್ಕರೆ ತೂಗುಬಿಟ್ಟ ಈ ಮರಗಳನ್ನು ಆಕ್ಷೇಪಿಸಿದರು. ದೇವರ ವಾಕ್ಯಕ್ಕಿಂತ ಈ ಕ್ಷುಲ್ಲಕ ವಸ್ತುಗಳಿಗೆ ಜನ ಹೆಚ್ಚು ಗಮನ ಕೊಡುತ್ತಿದ್ದಾರೆಂಬುದು ಅವರ ದೂರು.

ಇಂಗ್ಲೆಂಡಿಗೆ ಮರ ಹೋದದ್ದು ಬಹಳ ತಡವಾಗಿ. ಜರ್ಮನಿಯಿಂದ ಬಂದ ರಾಣಿ ಷಾರ್ಲಟ್ 1800ರಲ್ಲಿ ವಿಂಡ್ಸರ್‌ನಲ್ಲಿ ಮಕ್ಕಳಿಗಾಗಿ ಯೂ ಎಂಬ ನಿತ್ಯಹಸಿರು ಮರ ನಿಲ್ಲಿಸಿದರು. 1848ರಲ್ಲಿ ರಾಣಿ ವಿಕ್ಟೋರಿಯಾ ಕುಟುಂಬದ ಮರದ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಊರೂರಿಗೆ ಹರಡಿತು. ಹಾಗೆಯೇ, ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ನಮ್ಮ ಸಭೆಗಳೂ ಹಚ್ಚುವ ಮೇಣಬತ್ತಿಯ ಹಸಿರು ಬಳೆ ಇದೆಯಲ್ಲ, ಅದು ಇನ್ನೂ ಈಚಿನದು. ಹಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಪಾಲಕ ಯೋಹಾನ್ ಹಿನ್ರಿಷ್ ವಿಖರ್ನ್ ಅವರು, ಕ್ರಿಸ್‌ಮಸ್ ಯಾವಾಗ ಎಂದು ದಿನವೂ ಕೇಳುತ್ತಿದ್ದ ಮಕ್ಕಳಿಗಾಗಿ, 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ ನಿಲ್ಲಿಸಿದರು. ಫರ್ ಕೊಂಬೆ ಸುತ್ತಿದ್ದು ಆಮೇಲೆ.

ಹಳೆಯ ಕಡತ

ಯೆರೆಮೀಯನ ಮಾತಿಗೂ ಉತ್ತರಿಸಬೇಕಲ್ಲ. 10ನೆಯ ಅಧ್ಯಾಯದ 3 ಮತ್ತು 4ನೆಯ ವಚನಗಳಲ್ಲಿ ನಿಲ್ಲಿಸದೆ 5ನೆಯದನ್ನೂ ಓದಿ. ಆ ಮರ ಬಡಗಿಯ ಕೈಯಲ್ಲಿ ರೂಪ ಪಡೆದದ್ದು. ಸೌತೆಯ ತೋಟದ ಬೆದರುಗೊಂಬೆಯಂತೆ ಮಾತನಾಡಲಾರದು, ನಡೆಯಲಾರದು, ಹೊತ್ತುಕೊಂಡೇ ಹೋಗಬೇಕು. ಕೆತ್ತಿ ಪೂಜಿಸುವ ವಿಗ್ರಹದ ಮಾತು ಅದು. ಯೆಶಾಯನ 60ನೆಯ ಅಧ್ಯಾಯದ 13ನೆಯ ವಚನದಲ್ಲಿ ದೇವರ ಆಲಯವನ್ನು ಅಲಂಕರಿಸಲು ಲೆಬನೋನಿನ ನಿತ್ಯಹಸಿರು ಮರಗಳೇ ಬರುತ್ತವೆ. ಗರಿಗಳ ಭಾನುವಾರದಂದು ನಿಮ್ಮ ಹಿರಿಯರೂ ತೆಂಗಿನ ಗರಿ ಹಿಡಿದು ಮೆರವಣಿಗೆಯಲ್ಲಿ ನಡೆಯುತ್ತಾರಲ್ಲವೇ?

ಕೋಲಾರದ ವಿಶ್ವಾಸಿ

5ನೆಯ ವಚನವನ್ನು ಈಗ ತೆಗೆದು ಓದಿದೆ. ಯೆರೆಮೀಯನನ್ನು ಇದಕ್ಕೆ ಎಳೆದು ತರುವುದು ಸರಿಯಲ್ಲವೆಂದು ಒಪ್ಪುತ್ತೇನೆ. ಆದರೆ ಡಾನ್‌ಹೌವರ್ ಅವರ ದೂರು ನನಗೆ ಇಂದಿಗೂ ನಿಜವೆನಿಸುತ್ತದೆ. ಮರದ ಅಲಂಕಾರಕ್ಕೆ ಸಾವಿರಾರು ರೂಪಾಯಿ ಸುರಿದು, ಪಕ್ಕದ ಮನೆಯ ವಿಧವೆಯನ್ನು ಮರೆಯುವ ಸಭೆಗಳನ್ನು ನಾನು ಕಂಡಿದ್ದೇನೆ. ನನ್ನ ವಿರೋಧ ಇನ್ನು ಮುಂದೆ ಅಷ್ಟಕ್ಕೆ ಮಾತ್ರ.

ಕಡಲ ತೀರದವಳು

ಇಷ್ಟು ಹೊತ್ತು ಓದುತ್ತಿದ್ದೆ. ಮಂಗಳೂರಿನ ಕಡೆಯ ಒಂದು ಮಾತು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಫರ್ ಎಂದೂ ಬಂದಿಲ್ಲ. ನೀವು ಸರ್ವೆ ಎನ್ನುವುದನ್ನು ನಾವು ಗಾಳಿಮರ ಎನ್ನುತ್ತೇವೆ. ಅಜ್ಜಿ ಯೇಸುವಿನ ಜನನದ ಗೊಂಬೆಗಳನ್ನಿಡುವ ಗೋದಲಿಯ ಪಕ್ಕದಲ್ಲಿ ಅದರ ಕೊಂಬೆ ನಿಲ್ಲಿಸುತ್ತಿದ್ದರು, ಗೋದಲಿಯ ಮುಂದೆ ಬಟ್ಟಲಲ್ಲಿ ರಾಗಿ ಮೊಳೆಸಿ ಹುಲ್ಲುಹಾಸು ಮಾಡುತ್ತಿದ್ದರು. ಗಾಳಿಮರವೂ ಹೊರನಾಡಿನದೇ, ಆಸ್ಟ್ರೇಲಿಯ, ಆಗ್ನೇಯ ಏಷ್ಯಾದ ಕಡೆಯದು, ಮರಳು ಹಾರದಂತೆ ತಡೆಯಲು, ಸೌದೆಗೆಂದು ಕಡಲಂಚಿನಲ್ಲಿ ನೆಟ್ಟದ್ದು. ಸೂಜಿಯಂತೆ ಕಾಣುವುದು ಅದರ ಎಲೆಯಲ್ಲ, ಗೆಣ್ಣುಗೆಣ್ಣಾದ ಸಣ್ಣ ಕಡ್ಡಿ. ಮೆಲ್ಲಗೆ ಎಳೆದರೆ ಗೆಣ್ಣಿನಲ್ಲಿ ಕಳಚಿಕೊಳ್ಳುತ್ತದೆ. ಮತ್ತೆ ಒತ್ತಿ ಸೇರಿಸಿದರೆ ಎಲ್ಲಿ ಕಳಚಿತ್ತೆಂದು ಹೇಳಲಾಗುವುದಿಲ್ಲ. ಎಲ್ಲಿ ಕಳಚಿದ್ದೇನೆ ಹೇಳು ಎಂದು ಒಬ್ಬರನ್ನೊಬ್ಬರು ಕೇಳುತ್ತ ನಾವು ಮಕ್ಕಳು ಗೋದಲಿಯ ಮುಂದೆ ಕುಳಿತಿರುತ್ತಿದ್ದೆವು. ನಿಜವಾದ ಎಲೆ ಆ ಗೆಣ್ಣಿನ ಸುತ್ತ ಹಲ್ಲಿನ ಸಾಲಿನಷ್ಟು ಸಣ್ಣದು.

ಎಲೆ-ಬೇರು

ಸರಿಯಾಗಿ ಹೇಳಿದಿರಿ ಅಕ್ಕ. ನೋಟಕ್ಕೆ ಪೈನ್ ಮರದಂತಿದ್ದರೂ ಅದು ಹೂಬಿಡುವ ಸಸ್ಯಗಳ ಗುಂಪಿಗೆ ಸೇರಿದ್ದು, ಫರ್ ಮರಕ್ಕೆ ನೆಂಟನಲ್ಲ.

ಧಾರವಾಡದ ಸಭಿಕ

ಎಲ್ಲರಿಗೂ ಮನಸಾರೆ ವಂದನೆಗಳು. ನಿನ್ನೆ ಸಂಜೆ ಹಿರಿಯರ ಮುಂದೆ ಇದನ್ನೆಲ್ಲ ಓದಿ ಹೇಳಿದೆ. ಲೂಥರ್ ಕಥೆಯನ್ನು ನಾನಾಗಿಯೇ ಬಿಟ್ಟುಕೊಟ್ಟದ್ದು ಅವರಿಗೆ ಹಿಡಿಸಿತು. ವಿಶ್ವಾಸಿಯವರ ಮಾತನ್ನೂ ಮುಂದಿಟ್ಟೆ. ಕೊನೆಗೆ, ಕೊಂಡು ತರುವ ಅಲಂಕಾರ ಬೇಡ, ಸರ್ವೆ ಕೊಂಬೆ ಮತ್ತು ಮಕ್ಕಳು ಮಾಡಿದ ಕಾಗದದ ಹೂ ಮಾತ್ರ ಇರಲಿ, ಉಳಿದ ಹಣ ಸಭೆಯ ಇಬ್ಬರು ವೃದ್ಧೆಯರ ಔಷಧಿಗೆ ಹೋಗಲಿ ಎಂದು ತೀರ್ಮಾನವಾಯಿತು. ಕಳೆದ ವರ್ಷ ಮುನಿಸಿಕೊಂಡಿದ್ದ ಹುಡುಗರ ಮನೆಗೆ ಹಿರಿಯರೊಬ್ಬರು ತಾವೇ ಹೋಗಿ ಕರೆದುಬಂದಿದ್ದಾರೆ. ಇನ್ನೊಂದೇ ಪ್ರಶ್ನೆ: ಹೋದ ಸಲ ಕೊಂಬೆ ಎರಡೇ ದಿನಕ್ಕೆ ಕಂದಿತ್ತು. ಹಬ್ಬದವರೆಗೆ ಹಸಿರಾಗಿ ಇಡುವುದು ಹೇಗೆ?

ಕಡಲ ತೀರದವಳು

ಬೆಳಗಿನ ಇಬ್ಬನಿ ಆರುವ ಮೊದಲೇ ಕಡಿಸಿ ಅಣ್ಣ, ಬುಡವನ್ನು ಓರೆಯಾಗಿ ಕೊಯ್ಯಿಸಿ. ಹಳೆಯ ಎಣ್ಣೆ ಡಬ್ಬಿಗೆ ಮರಳು ತುಂಬಿ, ಮರಳು ಪೂರ್ತಿ ನೆನೆಯುವಷ್ಟು ನೀರು ಹಾಕಿ ನಿಲ್ಲಿಸಿ. ದಿನವೂ ಒಂದು ಚೊಂಬು ನೀರು ಸಾಕು. ಬಲ್ಬಿನ ಸರವನ್ನು ಕೊಂಬೆಗೆ ತಗಲುವಂತೆ ಸುತ್ತಬೇಡಿ. ನಮ್ಮಲ್ಲಿ ಮೊದಲು ಕಂದುತ್ತಿದ್ದುದು ಬಲ್ಬು ತಾಗಿದ ಕಡ್ಡಿಗಳೇ.